ಮೊಟ್ಟೆಯ ಬುಟ್ಟಿಯೂ ಅಡುಗೆಮನೆಯ ಭಾಷೆಯೂ

ಕೋಳಿಮೊಟ್ಟೆಯ ಬಗ್ಗೆ ಈ ಪುಟದಲ್ಲಿ ಬರೆಯುವುದೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಶಾಲೆ, ಅಧ್ಯಾಪಕರ ನೇಮಕ, ಕಚೇರಿಯ ಅರ್ಜಿ ನಮೂನೆ, ಬಸ್ಸಿನ ಫಲಕ ಎಂದು ಬರೆಯಬೇಕಾದ ವಿಷಯಗಳು ಸಾಲುಗಟ್ಟಿ ನಿಂತಿರುವಾಗ ಮೊಟ್ಟೆಗೆ ಇಷ್ಟು ಜಾಗ ಕೊಡುವುದು ಪತ್ರಿಕೆಯ ಘನತೆಗೆ ತಕ್ಕುದೇ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಣ್ಣ ಸಂಗತಿ ಆ ಸಂಕೋಚವನ್ನು ಕಳೆಯಿತು.

ಗಡಿಭಾಗದ ಹಳ್ಳಿಯೊಂದರಿಂದ ಪೇಟೆಗೆ ಬಂದಿದ್ದ ಗೃಹಿಣಿಯೊಬ್ಬರು, ನಮ್ಮ ಹಳೆಯ ಓದುಗರು, ಕಚೇರಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಮಡಚಿದ ಒಂದು ಕರಪತ್ರವಿತ್ತು. ಮಕ್ಕಳ ಪೋಷಣೆಯ ಬಗ್ಗೆ ನಡೆದ ಸಭೆಯೊಂದರಲ್ಲಿ ಹಂಚಿದ್ದಂತೆ. ಅಂದವಾದ ಮುದ್ರಣ, ಬಣ್ಣಬಣ್ಣದ ಚಿತ್ರಗಳು. ಅಕ್ಷರ ಮಾತ್ರ ಆರಂಭದಿಂದ ಅಂತ್ಯದವರೆಗೆ ಮಲಯಾಳ. ಆಕೆಗೆ ಮಲಯಾಳ ಮಾತು ತಿಳಿಯುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ವ್ಯವಹಾರ ಸಾಗುತ್ತದೆ. ಓದಲು ಬರುವುದಿಲ್ಲ. ಚಿತ್ರವೊಂದರಲ್ಲಿ ನಳ್ಳಿಯ ಕೆಳಗೆ ಮೊಟ್ಟೆ ತೊಳೆಯುವ ಎರಡು ಕೈಗಳಿದ್ದವು. ಅದನ್ನು ಕಂಡು, ಮನೆಗೆ ತಂದ ಮೂವತ್ತು ಮೊಟ್ಟೆಗಳನ್ನೂ ಚೆನ್ನಾಗಿ ತೊಳೆದು, ಬುಟ್ಟಿಗೆ ತುಂಬಿ, ಒಲೆಯ ಪಕ್ಕದಲ್ಲಿಟ್ಟರು. ಹತ್ತು ದಿನ ಕಳೆಯುವಷ್ಟರಲ್ಲಿ ಬುಟ್ಟಿಯಿಂದ ನಾತ. ಅರ್ಧಕ್ಕಿಂತ ಹೆಚ್ಚು ಮೊಟ್ಟೆಗಳನ್ನು ತೆಂಗಿನ ಬುಡಕ್ಕೆ ಹಾಕಬೇಕಾಯಿತು.

ನೆರೆಮನೆಯ ಮಲಯಾಳಿ ಚೇಚ್ಚಿ ಕರಪತ್ರವನ್ನು ಓದಿ ಹೇಳಿದ ಮೇಲೆಯೇ ವಿಷಯ ತಿಳಿದದ್ದು. ಚಿತ್ರದ ಕೆಳಗಿದ್ದ ಮಾತಿನ ಅರ್ಥ, ಅಡುಗೆಗೆ ತೆಗೆದುಕೊಳ್ಳುವಾಗ ಮಾತ್ರ ತೊಳೆಯಿರಿ, ತೊಳೆದು ಇಟ್ಟುಕೊಳ್ಳಬೇಡಿ ಎಂದು. “ಚಿತ್ರ ನೋಡಿ ಮಾಡಿದ್ದು ಅಣ್ಣಾ, ಓದಲಿಕ್ಕೆ ಬರುತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ” ಎಂದರು ಆ ತಾಯಿ. ಪುಣ್ಯಕ್ಕೆ ಮನೆಯ ಮಕ್ಕಳಿಗೆ ಏನೂ ಆಗಲಿಲ್ಲ. ಹೋದದ್ದು ನೂರಾರು ರೂಪಾಯಿ ಮಾತ್ರ.

ಕರಪತ್ರದ ಮಾತು ಸರಿಯಾಗಿಯೇ ಇತ್ತು. ಅದು ತಲುಪಬೇಕಾದವರನ್ನು ತಲುಪಲಿಲ್ಲ, ಅಷ್ಟೇ ಅಲ್ಲ, ತಲೆಕೆಳಗಾಗಿ ತಲುಪಿತು. ಹೇಳದೆ ಬಿಟ್ಟದ್ದಕ್ಕಿಂತ ಅರ್ಧ ಹೇಳಿದ್ದು ಹೆಚ್ಚು ಕೇಡು ಮಾಡಿತು. ಭಾಷೆಯ ಪ್ರಶ್ನೆ ಸಭೆ-ಸಮ್ಮೇಳನಗಳ ಪ್ರಶ್ನೆ ಮಾತ್ರ ಎಂದು ತಿಳಿದವರು ಆ ಬುಟ್ಟಿಯನ್ನು ಒಮ್ಮೆ ನೋಡಬೇಕಿತ್ತು.

ಚಿಪ್ಪಿನ ಒಳಗಿನ ಸಂಗತಿ

ಹಾಗಾದರೆ ತೊಳೆದು ಇಟ್ಟರೆ ಏಕೆ ಕೆಡುತ್ತದೆ? ಇದನ್ನು ತಿಳಿದುಕೊಂಡರೆ ಉಳಿದ ಎಲ್ಲ ಸೂಚನೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಮೊಟ್ಟೆಯ ಚಿಪ್ಪು ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಒಳಗೆ ಮರಿ ಬೆಳೆಯುವುದಾದರೆ ಅದು ಉಸಿರಾಡಬೇಕಷ್ಟೆ. ಪ್ರಕೃತಿ ಮಾಡಿದ ಏರ್ಪಾಡು ಅದು. ಹೇಂಟೆ ಮೊಟ್ಟೆಯಿಡುವಾಗ ಚಿಪ್ಪಿನ ಮೇಲೆ ತೆಳುವಾದ ಒಂದು ಲೋಳೆಯ ಪದರವೂ ಬರುತ್ತದೆ. ಅದು ಕೂಡಲೇ ಒಣಗಿ, ಈ ರಂಧ್ರಗಳಿಗೆ ಮುಚ್ಚಳದಂತೆ ನಿಲ್ಲುತ್ತದೆ. ಹೊರಗಿನ ಕೊಳೆ, ರೋಗಾಣುಗಳು ಸುಲಭವಾಗಿ ಒಳಹೋಗದಂತೆ, ಒಳಗಿನ ತೇವ ಬೇಗನೆ ಹೊರಹೋಗದಂತೆ ಕಾಯುವುದು ಆ ಪದರವೇ. ಮೊಟ್ಟೆಯನ್ನು ತಿಕ್ಕಿ ತೊಳೆದರೆ ಈ ಕಾವಲು ಕಳಚಿ ಹೋಗುತ್ತದೆ. ಅದರ ಮೇಲೆ ಚಿಪ್ಪು ಒದ್ದೆಯಾಗಿಯೂ ಉಳಿದರೆ, ಆ ತೇವದ ಜೊತೆಯಲ್ಲೇ ರೋಗಾಣುಗಳಿಗೆ ಒಳದಾರಿ ಸಿಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒರೆಸಿದ ಬಟ್ಟೆಯೇ ಒಣಗುವುದಿಲ್ಲ. ಬುಟ್ಟಿಯೊಳಗಿನ ಮೊಟ್ಟೆ ಒಣಗುವುದೆಂತು?

ಹಾಗೆಂದು ಕೊಳೆ ಮೆತ್ತಿದ ಮೊಟ್ಟೆಯನ್ನು ಹಾಗೆಯೇ ಒಳಗಿಡಬೇಕೆಂದಲ್ಲ. ಒಣ ಬಟ್ಟೆಯಿಂದಲೋ ಒಣಗಿದ ತೆಂಗಿನ ನಾರಿನಿಂದಲೋ ಮೆಲ್ಲನೆ ಒರೆಸಿದರೆ ಸಾಕು. ತೀರ ಕೊಳೆಯಾದದ್ದು, ಬಿರುಕು ಬಿಟ್ಟದ್ದು ಇದ್ದರೆ ಅದನ್ನು ಸಂಗ್ರಹಕ್ಕೆ ಸೇರಿಸದೆ ಬೇರೆ ಇಡಬೇಕು. ಮನೆಯ ಕೋಳಿಯದಾದರೆ ಅಂದೇ ತೊಳೆದು, ಚೆನ್ನಾಗಿ ಬೇಯಿಸಿ ಮುಗಿಸುವುದು ಲೇಸು. ಅಂಗಡಿಯಲ್ಲಿ ಬಿರುಕು ಬಿಟ್ಟದ್ದನ್ನು ಅಗ್ಗಕ್ಕೆ ಕೊಟ್ಟರೂ ತರಬಾರದು, ಏಕೆಂದರೆ ಆ ಬಿರುಕು ಎಷ್ಟು ದಿನದ್ದೆಂದು ಬಲ್ಲವರಾರು?

ಇನ್ನು ಮೊಟ್ಟೆಗೆ ವಯಸ್ಸಾಗುವ ಬಗೆ. ದಿನ ಕಳೆದಂತೆ ಆ ರಂಧ್ರಗಳಿಂದ ಒಳಗಿನ ನೀರಿನಂಶ ಆವಿಯಾಗಿ ಹೋಗುತ್ತದೆ. ಇಂಗಾಲಾಮ್ಲ ವಾಯುವೂ ಹೊರಹೋಗುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಸೇರಿ, ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಯ ಕೋಣೆ ದೊಡ್ಡದಾಗುತ್ತಾ ಬರುತ್ತದೆ. ದಪ್ಪವಾಗಿದ್ದ ಬಿಳಿಭಾಗ ನೀರಾಗುತ್ತದೆ. ಉಬ್ಬಿ ನಿಲ್ಲುತ್ತಿದ್ದ ಹಳದಿ ಚಪ್ಪಟೆಯಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಇದೆಲ್ಲ ಬೇಗ ನಡೆಯುತ್ತದೆ. ತಣ್ಣಗಿನ ಪೆಟ್ಟಿಗೆಯಲ್ಲಿ ಒಂದು ವಾರದಲ್ಲಿ ಆಗುವ ಮುಪ್ಪು ಹೊರಗಿನ ಸೆಕೆಯಲ್ಲಿ ಒಂದೇ ದಿನದಲ್ಲಿ ಆಗುತ್ತದೆ ಎಂದು ಬಲ್ಲವರು ಹೇಳುವುದು ಈ ಕಾರಣದಿಂದ.

ನೀರಿನ ಪರೀಕ್ಷೆ: ಹೇಳುವುದೆಷ್ಟು, ಹೇಳದ್ದೆಷ್ಟು

ನಮ್ಮ ಮನೆಗಳ ಅಜ್ಜಿಯರಿಗೆ ಈ ಗಾಳಿಯ ಕೋಣೆಯ ಹೆಸರು ಗೊತ್ತಿರಲಿಲ್ಲ. ಅದರ ಗುಣ ಗೊತ್ತಿತ್ತು. ಚೆಂಬಿನಲ್ಲೋ ಅಗಲ ಪಾತ್ರೆಯಲ್ಲೋ ಬಾವಿಯ ನೀರು ತುಂಬಿ ಮೊಟ್ಟೆಯನ್ನು ಮೆಲ್ಲನೆ ಬಿಡುತ್ತಿದ್ದರು. ತಳದಲ್ಲಿ ಅಡ್ಡವಾಗಿ ಮಲಗಿದರೆ ಹೊಸತು. ಅಗಲ ತುದಿ ಸ್ವಲ್ಪ ಮೇಲೆದ್ದು ಓರೆಯಾದರೆ ಕೆಲವು ದಿನ ಕಳೆದದ್ದು. ತಳ ಬಿಡದೆ ನೆಟ್ಟಗೆ ನಿಂತರೆ ಹಳತು, ಬೇಗ ಮುಗಿಸಬೇಕಾದದ್ದು. ಮೇಲಕ್ಕೆ ಬಂದು ತೇಲಿದರೆ ತೀರ ಹಳತು. ಪರೀಕ್ಷೆಗೆ ಬರಿಯ ನೀರೇ ಆಗಬೇಕು. ಉಪ್ಪು ಬೆರೆಸಿದ ನೀರಿನ ಸಾಂದ್ರತೆ ಹೆಚ್ಚು. ಅದರಲ್ಲಿ ಒಳ್ಳೆಯ ಮೊಟ್ಟೆಯೂ ತೇಲಿ, ಸುಮ್ಮನೆ ಎಸೆಯುವಂತಾದೀತು. ಪರೀಕ್ಷೆ ಮಾಡಿದ ಮೊಟ್ಟೆಯೂ ನೀರು ಮುಟ್ಟಿದ್ದೇ ಎಂಬುದನ್ನು ಮರೆಯಬಾರದು. ಅದನ್ನು ಮತ್ತೆ ಬುಟ್ಟಿಗೆ ಸೇರಿಸದೆ ಅಂದೇ ಬಳಸಬೇಕು. ಆದ್ದರಿಂದ ಅಡುಗೆಗೆ ತೆಗೆಯುವಾಗ ಮಾತ್ರ ಈ ಪರೀಕ್ಷೆ.

ಬೆಳಕಿನ ಪರೀಕ್ಷೆಯೂ ಹಳೆಯದೇ. ಕತ್ತಲೆಯ ಕೋಣೆಯಲ್ಲಿ ಚಿಮಿಣಿ ದೀಪದ ಮುಂದೆ ಮುಷ್ಟಿಯ ಸಂದಿನಲ್ಲಿ ಮೊಟ್ಟೆಯನ್ನು ಹಿಡಿದು ನೋಡುತ್ತಿದ್ದರು. ಇಂದು ಮೊಬೈಲಿನ ಟಾರ್ಚ್ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಗಾಳಿಯ ಕೋಣೆ ಎಷ್ಟು ದೊಡ್ಡದಾಗಿದೆ, ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು ಇದೆಯೇ, ಒಳಗೆ ಕಪ್ಪು ಕಲೆ ಅಥವಾ ಜೇಡರ ಬಲೆಯಂಥ ರಕ್ತದ ಎಳೆಗಳಿವೆಯೇ ಎಂಬುದೆಲ್ಲ ಕಾಣುತ್ತದೆ. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಗುಳುಗುಳು ಎಂದರೆ ಅದು ಮುದಿಯಾದ ಮೊಟ್ಟೆ. ಎಲ್ಲಕ್ಕಿಂತ ಕೊನೆಯದು ಮೂಗಿನ ಪರೀಕ್ಷೆ. ಯಾವ ಮೊಟ್ಟೆಯನ್ನೂ ನೇರವಾಗಿ ಹಿಟ್ಟಿಗೋ ಬಾಣಲೆಗೋ ಒಡೆಯದೆ, ಮೊದಲು ಬೇರೆ ಬಟ್ಟಲಿಗೆ ಒಡೆದು ನೋಡುವ ಪದ್ಧತಿ ಬಹಳ ಒಳ್ಳೆಯದು. ಒಂದು ಕೊಳೆತ ಮೊಟ್ಟೆಯಿಂದ ಒಂಬತ್ತು ಒಳ್ಳೆಯವು ಹಾಳಾಗುವುದು ಅದರಿಂದ ತಪ್ಪುತ್ತದೆ.

ಆದರೆ ಇಲ್ಲಿ ಓದುಗರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ನೀರಿನ ಪರೀಕ್ಷೆ ಮೊಟ್ಟೆಯ ವಯಸ್ಸನ್ನು ಹೇಳುತ್ತದೆಯೇ ಹೊರತು ಅದರಲ್ಲಿ ರೋಗಾಣು ಇಲ್ಲವೆಂಬ ಖಾತರಿ ಕೊಡುವುದಿಲ್ಲ. ನಿನ್ನೆ ಇಟ್ಟ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದಿದ್ದ ಮೊಟ್ಟೆ ತೇಲುವುದೂ ಇಲ್ಲ. ಅದಕ್ಕೆ ಮದ್ದು ಬೆಂಕಿಯೊಂದೇ. ಬಿಳಿಯೂ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸಿದ ಮೊಟ್ಟೆಯಲ್ಲಿ ಆ ಭಯವಿಲ್ಲ. ಅರೆಬೆಂದ ಮೊಟ್ಟೆ ರುಚಿಯೆನ್ನುವವರಿದ್ದಾರೆ. ಆರೋಗ್ಯವಂತರು ತಮ್ಮ ಹೊಣೆಯಲ್ಲಿ ತಿನ್ನಲಿ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ, ವೃದ್ಧರಿಗೆ ಕೊಡಬಾರದು. “ಶಕ್ತಿ ಬರುತ್ತದೆ” ಎಂದು ಹಸಿ ಮೊಟ್ಟೆಯನ್ನು ಹಾಲಿಗೆ ಕದಡಿ ಕುಡಿಸುವ ಹಳೆಯ ರೂಢಿಯನ್ನು ಇನ್ನಾದರೂ ಬಿಡಬೇಕು.

ಇದು ಬರಿಯ ಪುಸ್ತಕದ ಭಯವಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಶಾಲಾ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಆಗ ಪರೀಕ್ಷಿಸಿದ ಆಹಾರದ ಮಾದರಿಗಳಲ್ಲಿ ಶಿಗೆಲ್ಲಾ, ಸಾಲ್ಮೊನೆಲ್ಲಾ ಎರಡೂ ಕಂಡುಬಂದವು. ಅದು ಕೋಳಿಮಾಂಸದ ಪ್ರಕರಣ, ಮೊಟ್ಟೆಯದಲ್ಲ. ಆದರೂ ರೋಗಾಣು ಅದೇ. ಹಸಿ ಮೊಟ್ಟೆಯಿಂದ ಮಾಡುವ ಮಯೊನೈಸನ್ನು 2023ರ ಜನವರಿಯಲ್ಲಿ ಕೇರಳ ಸರಕಾರ ನಿಷೇಧಿಸಿದ್ದೂ ಈ ಕಾರಣದಿಂದಲೇ. ಹೋಟೆಲುಗಳಿಗೆ ಬೇಡವಾದದ್ದು ಮನೆಗೆ ಹೇಗೆ ಬೇಕಾದೀತು?

ಅಂಗಡಿಯ ಮೊಟ್ಟೆ, ಮನೆಯ ಮೊಟ್ಟೆ

ಒಂದು ಕಾಲದಲ್ಲಿ ಈ ಊರುಗಳ ಹಟ್ಟಿಯ ಬದಿಯಲ್ಲಿ ಒಂದು ಕೋಳಿಗೂಡು ಇದ್ದೇ ಇರುತ್ತಿತ್ತು. ತುಳುವಿನಲ್ಲಿ ತೆತ್ತಿ ಎಂದವರೂ, ಕನ್ನಡದಲ್ಲಿ ಮೊಟ್ಟೆ ಎಂದವರೂ, ಮಲಯಾಳದಲ್ಲಿ ಮುಟ್ಟ ಎಂದವರೂ ಬೆಳಗ್ಗೆ ಗೂಡಿನಿಂದ ತೆಗೆದುದನ್ನು ಅಂದೇ, ಮರುದಿನವೇ ಬಳಸುತ್ತಿದ್ದರು. ಇಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇಂದು ಕೇರಳದ ಪೇಟೆಗಳಿಗೆ ಬರುವ ಮೊಟ್ಟೆಯ ಬಹುಪಾಲು ತಮಿಳುನಾಡಿನ ನಾಮಕ್ಕಲ್ ಕಡೆಯದು. ಫಾರಮಿನಿಂದ ಲಾರಿಗೆ, ಲಾರಿಯಿಂದ ಸಗಟು ಅಂಗಡಿಗೆ, ಅಲ್ಲಿಂದ ಹಳ್ಳಿಯ ಅಂಗಡಿಗೆ ಬಂದು ನಮ್ಮ ಕೈಸೇರುವಾಗ ಅದಕ್ಕೆ ಹಲವು ದಿನ ಕಳೆದಿರುತ್ತದೆ. ನಾವು ತಂದ ದಿನವನ್ನು ಮೊಟ್ಟೆಯ ಜನ್ಮದಿನವೆಂದು ಎಣಿಸುವುದೇ ಮೊದಲ ತಪ್ಪು. 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಮೊಟ್ಟೆ ಸುಮಾರು 14,277 ಕೋಟಿ, ತಲೆಯೊಂದಕ್ಕೆ 103. ಇಷ್ಟೊಂದು ದೊಡ್ಡ ವ್ಯಾಪಾರವಾದ ವಸ್ತುವನ್ನು ಹಟ್ಟಿಯ ಕೋಳಿಯ ಮೊಟ್ಟೆಯಂತೆ ನಂಬಿಕೆಯ ಮೇಲೆಯೇ ಕೊಳ್ಳುವುದು ಸರಿಯಲ್ಲ.

ಮನೆಯ ಕೋಳಿಯ ಮೊಟ್ಟೆಗೂ ಅದರದೇ ಆದ ತೊಂದರೆಯಿದೆ. ಹುಂಜ ಜೊತೆಯಲ್ಲಿದ್ದರೆ ಮೊಟ್ಟೆಯಲ್ಲಿ ಜೀವಾಂಕುರವಿರುತ್ತದೆ. ಹೇಂಟೆ ಕಾವು ಕೊಡದಿದ್ದರೂ ನಮ್ಮ ಮಾರ್ಚ್-ಏಪ್ರಿಲಿನ ಸೆಕೆಯೇ ಅದನ್ನು ಅರೆಬರೆ ಎಬ್ಬಿಸುತ್ತದೆ. ಪೂರ್ಣ ಕಾವು ಸಿಕ್ಕರೆ 21 ದಿನಗಳಲ್ಲಿ ಮರಿ. ಅರ್ಧ ಕಾವು ಸಿಕ್ಕರೆ ಮರಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಆದುದರಿಂದ ತಿನ್ನಲು ಬೇಕಾದ ಮೊಟ್ಟೆಯನ್ನು ದಿನಕ್ಕೆ ಒಮ್ಮೆಯಾದರೂ ಗೂಡಿನಿಂದ ತೆಗೆದು ತಂಪಿನಲ್ಲಿಡಬೇಕು. ಕಾವಿಗೆ ಇಡುವವನ್ನು ಬೇರೆಯೇ ಗುರುತಿಸಿಡಬೇಕು. ಗೂಡಿನ ಹುಲ್ಲನ್ನು ಆಗಾಗ ಬದಲಿಸುತ್ತಿದ್ದರೆ ತೊಳೆಯಬೇಕಾದ ಪ್ರಮೇಯವೇ ಬರುವುದಿಲ್ಲ.

ತಣ್ಣಗಿನ ಪೆಟ್ಟಿಗೆ ಇಲ್ಲದ ಮನೆಗಳು ಇಂದಿಗೂ ಇವೆ. ಇದ್ದರೂ ಮಳೆಗಾಲದಲ್ಲಿ ಕರೆಂಟು ಹೋದರೆ ಅದು ಬರಿಯ ಕಪಾಟು. ಅಂಥಲ್ಲಿ ಮಣ್ಣಿನ ಗಡಿಗೆಯ ಸುತ್ತ ಒದ್ದೆ ಮರಳು ಹಾಕಿ, ಒಳಗೆ ಒಣಗಿದ ಉಮಿಯಲ್ಲಿ ಮೊಟ್ಟೆಯನ್ನು ಹೂತಿಟ್ಟು, ಗಾಳಿಯಾಡುವ ಬಟ್ಟೆ ಮುಚ್ಚಿ, ಒಲೆಯಿಂದ ದೂರದ ಮೂಲೆಯಲ್ಲಿಡುವುದು ಈಗಲೂ ಒಳ್ಳೆಯ ಉಪಾಯ. ಒದ್ದೆ ಗಡಿಗೆಯ ಹೊರಗಿರಬೇಕು. ಒಳಗೆ ಮೊಟ್ಟೆ ಒಣಗಿಯೇ ಇರಬೇಕು. ಇಟ್ಟ ದಿನವೇ ಚಿಪ್ಪಿಗೆ ತೆಳುವಾಗಿ ಎಣ್ಣೆ ಸವರಿದರೆ ರಂಧ್ರ ಮುಚ್ಚಿ ತೇವ ಆರುವುದು ನಿಧಾನವಾಗುತ್ತದೆ. ಸುಣ್ಣದ ತಿಳಿನೀರಿನಲ್ಲಿಡುವ ಕ್ರಮದ ತತ್ತ್ವವೂ ಅದೇ. ಇವೆಲ್ಲ ಹೊಸ ಮೊಟ್ಟೆಯನ್ನು ಕೆಲವು ದಿನ ಹೆಚ್ಚು ಕಾಯುವ ಉಪಾಯಗಳೇ ಹೊರತು ಹಳತನ್ನು ಹೊಸದಾಗಿಸುವ ಮಂತ್ರಗಳಲ್ಲ.

ಕತ್ತರಿಸಿ ಗೋಡೆಗೆ ಅಂಟಿಸಲು

ಆ ತಾಯಿ ಕೇಳಿದ್ದು ಇಷ್ಟೇ: “ಇದನ್ನೇ ಕನ್ನಡದಲ್ಲಿ ಒಮ್ಮೆ ಹಾಕಬಾರದೇ?” ಹಾಕುತ್ತಿದ್ದೇವೆ. ಬೇಕಾದವರು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಬಹುದು.

ಒಂದು: ಮೊಟ್ಟೆಯನ್ನು ತೊಳೆದು ಇಡಬೇಡಿ. ಒರೆಸಿ ಇಡಿ. ಬಳಸುವ ಮುನ್ನ ತೊಳೆಯಿರಿ. ಮೊಟ್ಟೆ ಮುಟ್ಟಿದ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

ಎರಡು: ಚೂಪು ತುದಿ ಕೆಳಗೆ, ಅಗಲ ತುದಿ ಮೇಲೆ ಇರುವಂತೆ ಇಡಿ. ಗಾಳಿಯ ಕೋಣೆ ಮೇಲಿದ್ದು ಹಳದಿ ನಡುವಿನಲ್ಲಿ ಉಳಿಯುತ್ತದೆ.

ಮೂರು: ಫ್ರಿಜ್ ಇದ್ದರೆ ಬಾಗಿಲಿನ ಗುಳಿಗಳಲ್ಲಿ ಇಡದೆ ಒಳಗಿನ ಅಂತಸ್ತಿನಲ್ಲಿಡಿ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ಸೆಕೆ ತಾಗುತ್ತದೆ, ಅಲುಗಾಟವೂ ಹೆಚ್ಚು. ಮೀನು, ನೀರುಳ್ಳಿ, ಹಲಸಿನ ಹಣ್ಣಿನ ಜೊತೆ ತೆರೆದಿಡಬೇಡಿ. ಮೊಟ್ಟೆ ವಾಸನೆಯನ್ನು ಹೀರಿಕೊಳ್ಳುತ್ತದೆ.

ನಾಲ್ಕು: ಒಮ್ಮೆ ತಣ್ಣಗಿಟ್ಟ ಮೊಟ್ಟೆಯನ್ನು ಹೊರಗೆ ತೆಗೆದು ಹಾಗೆಯೇ ಬಿಡಬೇಡಿ. ಚಿಪ್ಪು ಬೆವರಿ ಒದ್ದೆಯಾಗುತ್ತದೆ. ಬೇಕಾದಷ್ಟನ್ನೇ ತೆಗೆಯಿರಿ.

ಐದು: ಫ್ರಿಜ್ಜಿನಲ್ಲಿ ಹೊಸ ಮೊಟ್ಟೆ ಮೂರು-ನಾಲ್ಕು ವಾರ ಚೆನ್ನಾಗಿರುತ್ತದೆ. ಹೊರಗೆ, ನಮ್ಮ ಸೆಕೆಯಲ್ಲಿ, ಒಂದು ವಾರದೊಳಗೆ ಮುಗಿಸಿ. ತಂದ ದಿನಾಂಕವನ್ನು ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆ ಬರೆಯಿರಿ. ಹಳತನ್ನು ಮೊದಲು ಬಳಸಿ.

ಆರು: ತೇಲಿದ ಮೊಟ್ಟೆ ಬೇಡ. ನೆಟ್ಟಗೆ ನಿಂತದ್ದನ್ನು ಬೇರೆ ಬಟ್ಟಲಿಗೆ ಒಡೆದು, ಮೂಸಿ, ಪೂರ್ತಿ ಬೇಯಿಸಿ ಬಳಸಿ. ಸಂಶಯ ಬಂದರೆ ಎಸೆಯಿರಿ.

ಏಳು: ಬೇಯಿಸಿದ ಮೊಟ್ಟೆ ಹಸಿಯದಕ್ಕಿಂತ ಬೇಗ ಕೆಡುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್ಜಿನಲ್ಲಿಟ್ಟರೂ ಒಂದು ವಾರದೊಳಗೆ ತಿನ್ನಿ.

ಎಂಟು: ಹೆದರಬೇಕಾಗಿಲ್ಲದ ಕೆಲವು ಚಿಹ್ನೆಗಳಿವೆ. ಬೆಂದ ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಅದು ಹೆಚ್ಚು ಬೆಂದುದರ ಗುರುತು, ಕೊಳೆತದ್ದಲ್ಲ. ಒಂದು ಚುಕ್ಕೆ ರಕ್ತವಿದ್ದರೆ ಮೊಟ್ಟೆ ಕೆಟ್ಟಿದೆಯೆಂದಲ್ಲ. ಬಿಳಿಭಾಗ ಸ್ವಲ್ಪ ಮಸುಕಾಗಿದ್ದರೆ ಅದು ಹೊಸತಿನ ಲಕ್ಷಣ. ಬೇಯಿಸಿದಾಗ ಸಿಪ್ಪೆ ಬಿಡಿಸಲು ಕಷ್ಟವಾದರೆ ಅಂಗಡಿಯವನನ್ನು ಬಯ್ಯಬೇಡಿ. ತೀರ ಹೊಸ ಮೊಟ್ಟೆಯ ಗುಣವದು. ಚಿಪ್ಪಿನ ಬಣ್ಣ ಕೋಳಿಯ ಜಾತಿಯನ್ನು, ಹಳದಿಯ ಬಣ್ಣ ಅದು ತಿಂದದ್ದನ್ನು ಹೇಳುತ್ತದೆ, ಹೊಸತು-ಹಳತನ್ನಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಎಷ್ಟು ಖರ್ಚಾಯಿತು? ಅರ್ಧ ಕಾಲಂ ಜಾಗ, ಅಷ್ಟೇ.

ಹೊಣೆ ಯಾರದು?

ನಮ್ಮ ಓದುಗರಲ್ಲಿ ಮೊಟ್ಟೆ ಮುಟ್ಟದ ಮನೆಗಳೂ ಬಹಳ ಇವೆ. ಅವರು ಈ ಲೇಖನವನ್ನು ಇಲ್ಲಿಯವರೆಗೆ ಓದಿದ್ದರೆ ಅದು ಅವರ ಸೌಜನ್ಯ. ಆದರೆ ಪ್ರಶ್ನೆ ಮೊಟ್ಟೆಯದೊಂದೇ ಅಲ್ಲ. ಇಂದು ಮೊಟ್ಟೆಯ ಕರಪತ್ರ, ನಾಳೆ ಬಾವಿಗೆ ಹಾಕುವ ಕ್ಲೋರಿನ್ನಿನದು, ನಾಡಿದ್ದು ಮಗುವಿನ ಜ್ವರದ ಔಷಧಿಯದು. ಚಿತ್ರ ನೋಡಿ ಊಹಿಸಿಕೊಳ್ಳುವ ಅಭ್ಯಾಸ ಅಲ್ಲಿಯೂ ಬಂದರೆ ತೆಂಗಿನ ಬುಡಕ್ಕೆ ಹಾಕಿ ಮುಗಿಸುವಷ್ಟು ಸಣ್ಣ ನಷ್ಟವಾಗಿ ಅದು ಉಳಿಯದು.

ಸರಕಾರ ಮಕ್ಕಳಿಗೆ ಮೊಟ್ಟೆ ಕೊಡುತ್ತಿರುವುದನ್ನು ನಾವು ಮನಃಪೂರ್ವಕ ಮೆಚ್ಚುತ್ತೇವೆ. ಕೇರಳದ ಶಾಲೆಗಳ ಮಧ್ಯಾಹ್ನದೂಟದಲ್ಲಿ ಮೊಟ್ಟೆ ಸೇರಿ ವರ್ಷಗಳಾದವು. 2022ರಲ್ಲಿ ಅಂಗನವಾಡಿಗಳಿಗೆ ಹಾಲು-ಮೊಟ್ಟೆ ಕೊಡುವ ‘ಪೋಷಕ ಬಾಲ್ಯಂ’ ಯೋಜನೆ ಬಂತು. 2025ರಲ್ಲಿ ಅಂಗನವಾಡಿಯ ಊಟದ ಪಟ್ಟಿಗೆ ಮೊಟ್ಟೆ ಬಿರಿಯಾನಿಯೂ ಸೇರಿತು. ಕನ್ನಡದ ಮಗುವಿನ ಬಟ್ಟಲಿಗೂ ಮಲಯಾಳದ ಮಗುವಿನ ಬಟ್ಟಲಿಗೂ ಇದರಲ್ಲಿ ಭೇದವಿಲ್ಲ. ಮೊಟ್ಟೆಗೆ ಭೇದವಿಲ್ಲದ ಮೇಲೆ ಮೊಟ್ಟೆಯ ಜೊತೆ ಬರುವ ಮಾತಿಗೆ ಏಕೆ ಭೇದ? ಬಟ್ಟಲು ತುಂಬಿಸಿದವರು ತಾಯಂದಿರ ಕೈಗೆ ಅರ್ಥವಾಗುವ ಒಂದು ಹಾಳೆಯನ್ನೂ ಕೊಟ್ಟರೆ ಯೋಜನೆ ಪೂರ್ಣವಾಗುತ್ತದೆ.

ಮಲಯಾಳ ಕಲಿಯಬಾರದೇ ಎಂದು ಕೇಳುವವರಿದ್ದಾರೆ. ಕಲಿಯುತ್ತಿದ್ದೇವೆ. ನಮ್ಮ ಮಕ್ಕಳು ಓದುತ್ತಾರೆ, ಬರೆಯುತ್ತಾರೆ. ಅದರಲ್ಲಿ ನಮಗೆ ಅಸಮಾಧಾನವಿಲ್ಲ. ಮೇಲೆ ಹೇಳಿದ ಕಥೆಯಲ್ಲಿ ಸಹಾಯಕ್ಕೆ ಬಂದದ್ದು ನೆರೆಮನೆಯ ಚೇಚ್ಚಿಯೇ ಅಲ್ಲವೇ? ಎರಡು ಭಾಷೆಯ ಜನ ಒಂದೇ ಬಾವಿಕಟ್ಟೆಯಲ್ಲಿ ಮಾತಾಡಿಕೊಂಡು ಬಾಳಿದ ನಾಡಿದು. ಆದರೆ ಅಡುಗೆಮನೆಯನ್ನು ನಡೆಸುವವರು ಶಾಲೆಗೆ ಹೋಗುತ್ತಿರುವ ಮಕ್ಕಳಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕೋ ಏಳೋ ತರಗತಿ ಕಲಿತ ಅಮ್ಮಂದಿರು, ಅತ್ತೆಯಂದಿರು, ಅಜ್ಜಿಯರು. ಐವತ್ತು ಅರುವತ್ತು ವರ್ಷದ ಅವರನ್ನು ಹೊಸ ಲಿಪಿ ಕಲಿತು ಬನ್ನಿ, ಆಮೇಲೆ ಮೊಟ್ಟೆ ಇಡುವ ಕ್ರಮ ಹೇಳುತ್ತೇವೆ ಎಂದು ನಿಲ್ಲಿಸುವುದು ನ್ಯಾಯವಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಬದಲಾದಾಗ ಇಲ್ಲಿಯ ಜನ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲಿಯೇ ಅಲ್ಪಸಂಖ್ಯಾತರಾದರು. ಅಂಥವರಿಗಾಗಿಯೇ ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶಗಳಲ್ಲಿ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂಬ ತತ್ತ್ವವನ್ನು ಕೇರಳವೇ 1969ರ ತನ್ನ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಬರೆದಿತ್ತು. ಪತ್ರಕ್ಕೆ ಒಪ್ಪಿದ ಈ ತತ್ತ್ವ ಕರಪತ್ರಕ್ಕೆ ಒಪ್ಪದಿರಲು ಕಾರಣವೇನೂ ನಮಗೆ ಕಾಣುವುದಿಲ್ಲ. ಆದುದರಿಂದ ಆರೋಗ್ಯ, ಆಹಾರ, ಶಿಶುಪೋಷಣೆಗೆ ಸಂಬಂಧಿಸಿದ ಯಾವ ಸೂಚನೆಯೇ ಆಗಲಿ, ಕನ್ನಡಿಗರಿರುವ ಪಂಚಾಯತುಗಳಲ್ಲಿ ಹಂಚುವಾಗ ಹಾಳೆಯ ಒಂದು ಬದಿ ಮಲಯಾಳವಿರಲಿ, ಮತ್ತೊಂದು ಬದಿ ಕನ್ನಡವಿರಲಿ. ಕಾಗದ ಅದೇ, ಚಿತ್ರ ಅದೇ. ಹೆಚ್ಚಾಗುವುದು ಒಂದಿಷ್ಟು ಮಸಿ.

ಪ್ಯಾಕೆಟ್ಟಿನಲ್ಲಿ ಬರುವ ಮೊಟ್ಟೆಯ ಮಾತೂ ಇದೇ. ದೇಶದ ನಿಯಮದಂತೆ ಆಹಾರದ ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ಕಂಪೆನಿಯ ಇಷ್ಟ. ಕಾನೂನು ಬದಲಾಗುವವರೆಗೆ ಕಾಯುವ ಬದಲು ಮನೆಯ ಶಾಲಾ ಮಕ್ಕಳಿಂದ ದಿನಾಂಕ ಓದಿಸಿಕೊಳ್ಳುವ ಪದ್ಧತಿ ಬೆಳೆಯಲಿ.

ಇಷ್ಟನ್ನು ಅಧಿಕಾರಿಗಳಿಗೆ ಹೇಳಿದ ಮೇಲೆ ನಮ್ಮನ್ನೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಆ ಕರಪತ್ರವನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆಂದು ನಮ್ಮಲ್ಲಿ ಯಾರಾದರೂ ಮುಂದೆ ಹೋಗಿದ್ದೇವೆಯೇ? ಆ ಸಭೆಯಲ್ಲಿ ಎರಡೂ ಭಾಷೆ ಬಲ್ಲ ನಮ್ಮವರು ಇದ್ದೇ ಇದ್ದಿರಬೇಕು. ಎದ್ದು ನಿಂತು ಹತ್ತು ನಿಮಿಷ ಕನ್ನಡದಲ್ಲಿ ಹೇಳಲು ಅವರಿಗೆ ಏಕೆ ತೋಚಲಿಲ್ಲ? ನಮ್ಮ ಸಂಘಗಳು ಕವಿಗೋಷ್ಠಿ ನಡೆಸುತ್ತವೆ, ತಾಳಮದ್ದಳೆ ಏರ್ಪಡಿಸುತ್ತವೆ, ನಡೆಸಲೇಬೇಕು. ವರ್ಷಕ್ಕೊಮ್ಮೆ ಅಡುಗೆಮನೆಯ ಆರೋಗ್ಯದ ಬಗ್ಗೆ ಒಂದು ಕನ್ನಡ ಹಾಳೆ ಹೊರಡಿಸಲು ಅವುಗಳಿಗೆ ಆಗದೇ? ಕನ್ನಡ ಮಾಧ್ಯಮ ಶಾಲೆಯ ವಿಜ್ಞಾನದ ಅಧ್ಯಾಪಕರಿಗೆ ಒಂದು ಚೆಂಬು ನೀರು, ಹೊಸದೊಂದು ಹಳೆಯದೊಂದು ಮೊಟ್ಟೆ ಇದ್ದರೆ ಸಾಂದ್ರತೆಯ ಪಾಠವೂ ಆಯಿತು, ಮನೆಗೆ ಒಯ್ಯುವ ತಿಳುವಳಿಕೆಯೂ ಆಯಿತು. ಈ ಪತ್ರಿಕೆಯೂ ತಪ್ಪಿನಿಂದ ಹೊರತಲ್ಲ. ಯಾರು ಯಾರಿಗೆ ಹಾರ ಹಾಕಿದರೆಂಬ ಸುದ್ದಿಗೆ ಕೊಟ್ಟ ಜಾಗದ ಹತ್ತನೆಯ ಒಂದು ಪಾಲನ್ನು ಇಂಥ ವಿಷಯಗಳಿಗೆ ಕೊಟ್ಟಿದ್ದರೆ ಆ ತಾಯಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಭಾಷೆ ಉಳಿಯುವುದು ವೇದಿಕೆಯಲ್ಲಿ ಮಾತ್ರವಲ್ಲ. ದಿನದ ಬಾಳಿಗೆ ಬೇಕಾದ ತಿಳುವಳಿಕೆಯನ್ನು ಕೊಡದ ಭಾಷೆಯನ್ನು ಮಕ್ಕಳು ಹಬ್ಬದ ಬಟ್ಟೆಯಂತೆ ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ. ಅಡುಗೆಮನೆಯಲ್ಲಿ, ಮಗುವಿನ ತೊಟ್ಟಿಲ ಬಳಿ, ರೋಗಿಯ ಹಾಸಿಗೆಯ ಬದಿಯಲ್ಲಿ ಉಪಯೋಗಕ್ಕೆ ಬರುವ ಕನ್ನಡವನ್ನು ಯಾರೂ ಬೇಡವೆನ್ನುವುದಿಲ್ಲ. ನಾವು ಕಾಯಬೇಕಾದದ್ದು ಆ ಕನ್ನಡವನ್ನು.

ಆ ಗೃಹಿಣಿ ಹೊರಡುವಾಗ ಕರಪತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದರು. ಇಂದಿನ ಸಂಚಿಕೆಯ ಒಂದು ಪ್ರತಿಯನ್ನು ಅವರಿಗೆ ಕಳುಹಿಸುತ್ತಿದ್ದೇವೆ. ಮತ್ತೊಂದನ್ನು ಕರಪತ್ರ ಅಚ್ಚು ಹಾಕಿಸಿದವರಿಗೂ, ಕನ್ನಡದಲ್ಲಿ ಬರೆದ ಒಂದು ವಿನಂತಿಯ ಜೊತೆಗೆ, ಕಳುಹಿಸುತ್ತೇವೆ. ಮುಂದಿನ ಬಾರಿ ಕನ್ನಡದ ಬದಿಯನ್ನು ಬರೆದು, ತಿದ್ದಿ, ಕರಡು ನೋಡಿಕೊಡುವ ಕೆಲಸ ನಮ್ಮದು. ಅದಕ್ಕೆ ಸಂಬಳ ಬೇಡ. ಉತ್ತರ ಬಂದರೆ ಓದುಗರಿಗೆ ತಿಳಿಸುತ್ತೇವೆ, ಬಾರದಿದ್ದರೂ ತಿಳಿಸುತ್ತೇವೆ.